ಹಿತ್ತಾಳೆ ಗುಂಡಿ

ಆ ಮನೆಯಲ್ಲಿ ವಾರವಿಡೀ ಪಾತ್ರೆ ತೊಳೆಯುವವರು ಯಾರು ಎಂಬುದನ್ನು ಇಸ್ಪೀಟೆಲೆಗಳು ತೀರ್ಮಾನಿಸುತ್ತಿದ್ದವು.

ಪದ್ಧತಿ ಅಜ್ಜನದು. ರೈಲಿನ ಊಟದ ಬೋಗಿಯಲ್ಲಿ ತಟ್ಟೆ ಹೊರುತ್ತಿದ್ದ ಕಾಲದಲ್ಲಿ ಅವನು ಪೋಕರ್ ಕಲಿತಿದ್ದ. ನಿವೃತ್ತನಾಗಿ ಮನೆ ಸೇರಿದ ಮೇಲೆ ಅದನ್ನು ಎಲ್ಲರಿಗೂ ಅಂಟಿಸಿದ. ಭಾನುವಾರ ಮಧ್ಯಾಹ್ನದ ಊಟ ಮುಗಿದ ಕೂಡಲೇ ಮೇಜು ಒರೆಸಿ ಎಲ್ಲರೂ ಕೂರಬೇಕು. ಒಬ್ಬೊಬ್ಬರ ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಪಣಕ್ಕೆ ದುಡ್ಡಲ್ಲ, ಗುಂಡಿ. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅಮ್ಮ ಕೆಲಸಕ್ಕಿದ್ದಳು. ಅಲ್ಲಿನ ಯಂತ್ರಗಳ ಹೊಟ್ಟೆಯಲ್ಲಿ ಕಿತ್ತು ಬಿದ್ದ ಗುಂಡಿಗಳಿಗೆ ವಾರಸುದಾರರಿರಲಿಲ್ಲ. ವರ್ಷಗಟ್ಟಲೆ ಅವಳು ಅವನ್ನು ಜೇಬಿನಲ್ಲಿ ತಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದಳು. ಅಂಗಿಯ ಬಿಳಿ ಗುಂಡಿಗೆ ಎಲ್ಲಕ್ಕಿಂತ ಕಡಿಮೆ ಬೆಲೆ. ಐದು ಬಿಳಿಗೆ ಕೋಟಿನ ಒಂದು ಕಪ್ಪು ಗುಂಡಿ. ಐದು ಕಪ್ಪಿಗೆ, ಹೋಟೆಲಿನ ಬಾಗಿಲು ಕಾಯುವವರ ಸಮವಸ್ತ್ರದ ಒಂದು ಹಿತ್ತಾಳೆ ಗುಂಡಿ. ಮೊದಲು ಯಾರ ಗುಂಡಿ ಖಾಲಿಯೋ ಅವರಿಗೆ ಪಾತ್ರೆ. ನಂತರದವರಿಗೆ ನೆಲ ಒರೆಸುವುದು. ಆಮೇಲೆ ಬಟ್ಟೆ. ಗೆದ್ದವರಿಗೆ ಏನೂ ಇಲ್ಲ, ಅದೇ ಬಹುಮಾನ.

ಅಜ್ಜನ ನಿಯಮಗಳು ಮೂರೇ. ಮೇಜಿಗೆ ಕೂತ ಮೇಲೆ ಅಪ್ಪ ಇಲ್ಲ, ಅಮ್ಮ ಇಲ್ಲ, ಮಕ್ಕಳಿಲ್ಲ. ಆಡಿ ಮುಗಿದ ಮೇಲೆ ತಕರಾರಿಲ್ಲ. ಎಸೆದ ಎಲೆಯನ್ನು ಯಾರೂ ತಿರುಗಿಸಿ ನೋಡುವಂತಿಲ್ಲ.

ಹೆಚ್ಚಿನ ವಾರ ಪಾತ್ರೆ ಅಮ್ಮನಿಗೇ ಬರುತ್ತಿತ್ತು. ಯಾರಾದರೂ ಪಣ ಏರಿಸಿದರೆ ಸಾಕು, ಅವಳು "ಪ್ಯಾಕ್" ಎಂದು ಎಲೆ ಕವುಚಿ ಎಸೆದು ಒಲೆಯ ಮೇಲಿಟ್ಟ ಹಾಲು ನೋಡಲು ಏಳುತ್ತಿದ್ದಳು. ಅವಳ ಗುಂಡಿಗಳು ಸೋರುವ ನಲ್ಲಿಯಂತೆ ಒಂದೊಂದಾಗಿ ಹೋಗುತ್ತಿದ್ದವು.

"ಅಮ್ಮ ಏನಾದ್ರೂ ಒಂದಿನ ಏರಿಸಿಬಿಟ್ರೆ, ನಾನು ಚೇರಿಂದ ಬಿದ್ದುಹೋಗ್ತೀನಿ," ಎನ್ನುತ್ತಿದ್ದ ಮಗ.

ಮಗನನ್ನು ಅಜ್ಜ 'ಜೋಕರ್' ಎಂದು ಕರೆಯುತ್ತಿದ್ದ, ಹಾಗಾಗಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಮನೆಯ ಆಟವೇ ಅವನಿಗೆ ಅನ್ನದ ದಾರಿಯಾಗಿತ್ತು. ಒಂದು ಹೋಟೆಲಿನ ನೆಲಮಾಳಿಗೆಯ ಕ್ಲಬ್ಬಿನಲ್ಲಿ ರಾತ್ರಿಯೆಲ್ಲ ಎಲೆ ಹಂಚುತ್ತಿದ್ದ, ಹಗಲೆಲ್ಲ ಮಲಗುತ್ತಿದ್ದ. ಅಪ್ಪ ಲಿಫ್ಟ್ ರಿಪೇರಿಯವನು. ಮಗಳು ಬಸ್ ಡಿಪೋದಲ್ಲಿ ಚಾಲಕಿಯ ತರಬೇತಿಗೆ ಸೇರಿದ್ದಳು.

ಅಜ್ಜನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದ ಮೇಲೂ ಭಾನುವಾರದ ಆಟ ನಿಲ್ಲಲಿಲ್ಲ. ಮಾತು ಹೋಗಿತ್ತು, ಎಡಗೈ ಉಳಿದಿತ್ತು. ಕಲಸಿದ ಎಲೆಯ ಕಟ್ಟನ್ನು ಜೋಕರ್ ಅವನ ಹಾಸಿಗೆಯ ಹತ್ತಿರ ಒಯ್ಯುತ್ತಿದ್ದ. ಅಜ್ಜ ನಡುಗುವ ಬೆರಳಿನಲ್ಲಿ ಕಟ್ಟನ್ನು ಎರಡು ಮಾಡಿ ಕೊಡುತ್ತಿದ್ದ. ಹಗಲು ಹೊತ್ತು ಅವನ ಪಕ್ಕ ಕೂರಲು ಮೇಲಿನ ಮಹಡಿಯ ಹೆಂಗಸೊಬ್ಬಳು ಬರುತ್ತಿದ್ದಳು. ಆಕೆ ತಿಂಗಳ ಕೊನೆಗೆ ತಂಗಿಯ ಊರಿಗೇ ಹೋಗಿ ನೆಲೆಸುತ್ತೇನೆಂದು ಹೇಳಿದ ವಾರವೇ ಅಜ್ಜ ಬಿದ್ದ. ಆಕೆ ಅಂಗಡಿಗೆ ಹೋಗಿದ್ದಳು. ಅಜ್ಜನಿಗೆ ಶೌಚಕ್ಕೆ ಹೋಗಬೇಕಿತ್ತು. ಚಮಚದಿಂದ ಮಂಚದ ಕಂಬಿ ಬಡಿದ, ಪಕ್ಕದ ಕೋಣೆಯಲ್ಲಿದ್ದ ಜೋಕರ್ ಏಳಲಿಲ್ಲ. ಅಜ್ಜ ತಾನೇ ಹೊರಟ.

ಅಂದು ಸಂಜೆ ಊಟಕ್ಕೆ ಕೂತಾಗ ಅಜ್ಜನ ಹಣೆಗೆ ಹೊಲಿಗೆ ಬಿದ್ದಿತ್ತು.

"ನಿನ್ನ ಕಿವಿಗೆ ಏನು ಸೀಸ ಹುಯ್ದಿದ್ರೇನೋ?" ಎಂದ ಅಪ್ಪ.

"ಬೆಳಗಾಗೋವರೆಗೆ ನಿಂತ್ಕೊಂಡು ಎಲೆ ಹಂಚಿ ಬಂದಿದ್ದೆ ಅಪ್ಪ. ಹೆಣದ ಹಾಗೆ ಮಲಗಿದ್ದೆ."

"ಹೆಣ ಆಗ್ತಿದ್ದವರು ನಮ್ಮಪ್ಪ."

ಆಲೂಗಡ್ಡೆ ಆರುತ್ತಿತ್ತು. ಅಪ್ಪ ಬ್ರೆಡ್ಡನ್ನು ಎರಡು ತುಂಡು ಮಾಡಿ, ಎರಡನ್ನೂ ತಟ್ಟೆಯಲ್ಲೇ ಬಿಟ್ಟ.

"ಹಗಲು ಮನೇಲಿ ಒಬ್ಬರು ಇರಲೇಬೇಕು. ಆಳು ಇಡೋ ಮಾತು ಬೇಡ, ವಿಚಾರಿಸಿದೀನಿ, ಅವರು ಕೇಳೋದನ್ನ ಕೊಟ್ರೆ ನಾವು ಗಾಳಿ ಕುಡೀಬೇಕು." ಅವನು ಹೆಂಡತಿಯ ಕಡೆ ನೋಡಿದ. ಜೋಕರನೂ ಮಗಳೂ ಅತ್ತಲೇ ನೋಡಿದರು. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ ನೋಡಿದರು. "ಲಾಂಡ್ರಿ ಎಲ್ಲಿಗೂ ಓಡಿಹೋಗಲ್ಲ. ಒಂದು ವರ್ಷ ಬಿಟ್ರೆ..."

"ನಾನು ಬಿಡಲ್ಲ," ಎಂದಳು ಅಮ್ಮ.

"ಏನಂದೆ?"

"ಬಿಡಲ್ಲ ಅಂದೆ. ನಿಮಗೆ ಇನ್ನೊಂದು ಸೌಟು ಹಾಕ್ಲಾ?"

ಹಿಂದಿನ ವಾರ ಇದೇ ಮೇಜಿನಲ್ಲಿ ಅವಳು, ತನ್ನನ್ನು ಇಸ್ತ್ರಿ ಕೋಣೆಯ ಮೇಲ್ವಿಚಾರಕಿ ಮಾಡಿದ್ದಾರೆ, ಬೀಗದ ಕೈ ಇನ್ನು ತನ್ನ ಹತ್ತಿರವೇ ಇರುತ್ತದೆ ಎಂದು ಹೇಳಿದ್ದಳು. ಅಪ್ಪ "ಒಳ್ಳೇದಾಯ್ತು, ಉಪ್ಪು ಕೊಡು" ಎಂದಿದ್ದ. ಅವಳು ಉಪ್ಪು ಕೊಟ್ಟಿದ್ದಳು.

"ಮತ್ತೆ ಯಾರು, ನಾನಾ? ನಾನು ಮನೇಲಿ ಕೂತ್ರೆ ಈ ತಟ್ಟೆ ಬರೀ ತಟ್ಟೆ," ಎಂದ ಅಪ್ಪ.

"ಇವನು?"

"ನಾನು ಹಗಲು ಮಲಗದೇ ಹೋದ್ರೆ ರಾತ್ರಿ ಕೈ ತಪ್ಪುತ್ತೆ ಅಮ್ಮ," ಎಂದ ಜೋಕರ್. "ಒಂದು ಎಲೆ ತಪ್ಪಿ ಹಂಚಿದ್ರೂ ಅಲ್ಲಿ ಕತ್ತು ಹಿಡಿದು ನೂಕ್ತಾರೆ."

ಅಮ್ಮ ಮಗಳ ಕಡೆ ತಿರುಗಿದಳು. "ಬಸ್ಸು ಮುಂದಿನ ವರ್ಷವೂ ಓಡುತ್ತೆ ಅಲ್ವಾ?"

"ಬಸ್ಸು ಓಡುತ್ತೆ. ನನ್ನ ವಯಸ್ಸು ದಾಟಿರುತ್ತೆ." ಮಗಳ ದನಿ ಏರಿತು. "ಇದೇ ಕೊನೇ ತಂಡ ಅಮ್ಮ ನನಗೆ. ಪರೀಕ್ಷೆಗೆ ಇನ್ನೆಷ್ಟು ದಿನ ಇದೆ? ರಸ್ತೆ ಪರೀಕ್ಷೆ ಒಂದು ಪಾಸಾದ್ರೆ ಕೆಲಸ ಕೈಲಿ. ಇದು ಬಿಟ್ರೆ ಮತ್ತೆ ನಾನು ಎಲ್ಲಿ ಹೋಗ್ಲಿ, ನಿನ್ನ ಲಾಂಡ್ರಿಗಾ?"

"ಲಾಂಡ್ರಿಗೆ ಏನಾಗಿದೆ?"

"ಏನೂ ಆಗಿಲ್ಲ. ನೀನೇ ಹೇಳ್ತಿದ್ದೆ, ಅಲ್ಲಿ ಬೇಯೋದೇ ಜೀವನ ಅಂತ."

"ಬೇಯೋರು ಬೇರೆ, ಬೇಯಿಸೋರು ಬೇರೆ. ಈಗ ಬೇಯಿಸೋ ಜಾಗಕ್ಕೆ ಬಂದಿದೀನಿ."

ಅಪ್ಪ ಮೇಜು ಕುಟ್ಟಿದ. ಲೋಟ ಅಲುಗಿತು. ಆಗ ಮಗಳು ಹೇಳಿದಳು:

"ಮೇಜೇ ಹೇಳ್ಲಿ ಬಿಡಿ. ಪಾತ್ರೆಗೆ ಆಡಲ್ವಾ, ಇದಕ್ಕೂ ಆಡೋಣ."

ಹುಟ್ಟಿದಾಗಿನಿಂದ ಅವಳು ಅಮ್ಮನ ಆಟ ನೋಡಿದ್ದಳು.

"ಅದೇ ಸರಿ," ಎಂದ ಅಪ್ಪ, ಬ್ರೆಡ್ಡಿಗೆ ಕೈ ಹಾಕುತ್ತ. "ಯಾರ ಮೇಲೂ ಯಾರೂ ಗೂಬೆ ಕೂರಿಸೋ ಹಾಗಿಲ್ಲ."

"ಆಡೋದು ಯಾರ್ಯಾರು?" ಅಮ್ಮ ಕೇಳಿದಳು.

"ನೀವಿಬ್ಬರು."

"ನೀವು?"

"ನಮ್ಮಿಬ್ಬರಿಂದ ಆಗಲ್ಲ ಅಂತ ಈಗ ತಾನೇ ಇತ್ಯರ್ಥ ಆಯ್ತಲ್ಲೇ."

ಅಮ್ಮ ಬಗ್ಗಿ ಗಂಡನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಆಟ ತಿಂಗಳ ಕೊನೆಯ ಭಾನುವಾರ ಎಂದು ಗೊತ್ತುಮಾಡಿದರು.

*

ಮಗಳು ಅಣ್ಣನನ್ನು ಹಿಡಿದುಕೊಂಡಳು. ಅವನು ಎದ್ದು, ಹಲ್ಲುಜ್ಜಿ, ಮೊಟ್ಟೆ ತಿನ್ನುವ ಹೊತ್ತಿಗೆ ಅವಳು ಡಿಪೋದಿಂದ ಬಂದಿರುತ್ತಿದ್ದಳು. ಅಮ್ಮ ಬೆಳಗಿನ ಪಾಳಿ ಮುಗಿಸಿ ಬಂದು ಪಾತ್ರೆಗೆ ನಿಂತಿರುತ್ತಿದ್ದಳು. ಅಡಿಗೆಮನೆಯ ಮೇಜಿನ ಮೇಲೆ ಅಣ್ಣ ತಂಗಿ ಎಲೆ ಹರಡಿಕೊಳ್ಳುತ್ತಿದ್ದರು. ಅಮ್ಮನ ಬೆನ್ನು ಅವರ ಕಡೆಗಿರುತ್ತಿತ್ತು.

"ಸಣ್ಣ ಕೈಗಳ ಬಗ್ಗೆ ತಲೆ ಕೆಡಿಸ್ಕೋಬೇಡ," ಜೋಕರ್ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಹೇಳಿದ. "ಅಮ್ಮ ಹೇಗಿದ್ರೂ ಎಸೀತಾಳೆ. ಬಿಳಿ ಗುಂಡಿ ಒಂದೊಂದೇ ನಿನ್ನ ಕಡೆ ಬರುತ್ತೆ. ಜೀವ ಹೋಗೋದು, ಬರೋದು ಎಲ್ಲಾ ಎರಡು ಸಲ ಏರಿಸಿದ ಆಟದಲ್ಲಿ."

"ಅಂದ್ರೆ?"

"ಒಬ್ಬರು ಏರಿಸ್ತಾರೆ. ಇನ್ನೊಬ್ಬರು ಅದರ ಮೇಲೆ ಮತ್ತೆ ಏರಿಸ್ತಾರೆ. ಮಧ್ಯದ ಎಲೆ ಇನ್ನೂ ಒಂದೂ ಬಿದ್ದಿಲ್ಲ, ಆಗಲೇ ರಾಶಿ ದೊಡ್ಡದಾಗಿದೆ. ನಿನ್ನ ಮುಂದೆ ಉಳಿದಿರೋದು ಆ ರಾಶಿಯಷ್ಟೋ, ಸ್ವಲ್ಪ ಜಾಸ್ತಿಯೋ. ಅಲ್ಲಿಗೆ ನೀನು ಅರ್ಧ ಹೊಳೆ ದಾಟಿದೀಯ. ಕೈಯಲ್ಲಿ ದೊಡ್ಡ ಜೋಡಿ ಇದ್ರೆ ನಾಚ್ಕೋಬೇಡ, ಎಲ್ಲಾ ತಳ್ಳು."

"ನಿಧಾನಕ್ಕೆ ಆಡಿ ಬಲೆ ಹಾಕಿದ್ರೆ?"

"ಎಲ್ಲರಿಗೂ ಬಲೆ ಹಾಕೋ ಆಸೆ. ಎಕ್ಕ, ರಾಜ ಇಟ್ಕೊಂಡು ಬಡವರ ಮುಖ ಮಾಡ್ಕೊಂಡು ಕೂರ್ತಾರೆ. ಎದುರಿನವನಿಗೆ ಇನ್ನೊಂದು ಎಲೆ ಪುಕ್ಕಟೆ ನೋಡೋಕೆ ಸಿಗುತ್ತೆ, ಅದೇ ಎಲೆ ಅವನಿಗೆ ಬೇಕಾಗಿರುತ್ತೆ. ಇಂಥವರು ಬೆಳಿಗ್ಗೆ ನನ್ನ ಹತ್ರ ಬಸ್ ಚಾರ್ಜ್ ಕೇಳ್ತಾರೆ."

"ನನ್ನ ಬಸ್ಸಿಗೆ ಹತ್ತಿಸು, ಪುಕ್ಕಟೆ ಕರ್ಕೊಂಡು ಹೋಗ್ತೀನಿ."

"ಮೊದಲು ಬಸ್ಸು ಕಂಬಕ್ಕೆ ಗುದ್ದದ ಹಾಗೆ ಓಡಿಸೋದು ಕಲಿ, ಡ್ರೈವರಮ್ಮ."

ನಲ್ಲಿಯ ನೀರು ನಿಂತಿತು. "ಎಷ್ಟು ಉಳಿದಿದ್ರೆ ಹಿಂದೆ ಸರಿಯೋಕಾಗಲ್ಲ ಅಂದೆ?" ಎಂದು ಅಮ್ಮ ತಿರುಗದೆಯೇ ಕೇಳಿದಳು.

ಇಬ್ಬರೂ ನಕ್ಕರು. "ನಿನಗ್ಯಾಕಮ್ಮ ಅದು?" ಎಂದ ಜೋಕರ್. ಆದರೂ ಹೇಳಿದ: "ರಾಶಿಯಷ್ಟೇ ಉಳಿದಿದ್ರೆ ಸರಿಯೋ ಮಾತೇ ಇಲ್ಲ."

ನೀರು ಮತ್ತೆ ಬಿಟ್ಟ ಸದ್ದಾಯಿತು.

ಇನ್ನೊಂದು ದಿನ ಮಗಳು ಕೇಳಿದಳು, "ಎರಡು ರಾಜ ಇದೆ ಅಂತಿಟ್ಕೋ. ನಾನು ಏರಿಸಿದೆ, ಎದುರಿನವರು ಮತ್ತೆ ಏರಿಸಿದ್ರು. ಅವರ ಹತ್ರ ಎಕ್ಕದ ಜೋಡಿ ಇದೆಯೋ ಇಲ್ವೋ ಹೇಗೆ ಗೊತ್ತಾಗೋದು?"

"ಎಲೆ ನೋಡಬೇಡ, ಆಳನ್ನ ನೋಡು. ಮಾತುಮಾತಿಗೆ ಏರಿಸೋನಾದ್ರೆ ಹೆದರಬೇಡ. ಜನ್ಮದಲ್ಲಿ ಏರಿಸದೇ ಇರೋನು ಒಂದಿನ ಏರಿಸಿದ್ರೆ..."

"ರಾಜನ ಜೋಡಿ ಬಿಟ್ಟುಬಿಡ್ಬೇಕಾ?"

"ಬಿಡ್ಬೇಕು." ಅವನು ಮೊಟ್ಟೆಗೆ ಉಪ್ಪು ಉದುರಿಸಿದ. "ಆದ್ರೆ ಯಾರೂ ಬಿಡಲ್ಲ. ಎರಡು ರಾಜನ್ನ ಕೈಯಲ್ಲಿ ಹಿಡ್ಕೊಂಡಾಗ ಎದುರಿನವನು ಏನೇ ಮಾಡಿದ್ರೂ ನಮಗೆ ಒಳ್ಳೇದಾಗೋ ಹಾಗೇ ಕಾಣುತ್ತೆ."

ಅಮ್ಮ ತೊಳೆದ ತಟ್ಟೆಗಳನ್ನು ಅವರ ಎಲೆಗಳ ಪಕ್ಕದಲ್ಲೇ ಒಂದರ ಮೇಲೊಂದು ಜೋಡಿಸಿದಳು. ಕೈ ಒರೆಸಿಕೊಂಡು ಅಜ್ಜನಿಗೆ ಗಂಜಿ ಒಯ್ದಳು.

ಡಿಪೋದ ಹಿಂದಿನ ಬಯಲಿನಲ್ಲಿ ಮಗಳು ಉದ್ದನೆಯ ಖಾಲಿ ಬಸ್ಸನ್ನು ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ನಡೆಸಲು ಕಲಿಯುತ್ತಿದ್ದಳು. ಶಿಕ್ಷಕ ಬಾಯಿತುಂಬ ಹೊಗಳುವವನಲ್ಲ. "ಕನ್ನಡಿ," ಎನ್ನುತ್ತಿದ್ದ. "ಕುತ್ತಿಗೆ ತಿರುಗಿಸಬೇಡ, ಕನ್ನಡಿ ನೋಡು. ಬಸ್ಸಿನ ಹಿಂಭಾಗ ನಿನ್ನ ಬೆನ್ನು ಅಂದ್ಕೋ." ಅವಳು ಒಂದು ಡ್ರಮ್ಮನ್ನೂ ಮುಟ್ಟದೆ ಬಸ್ಸನ್ನು ಒಳಗೆ ನಿಲ್ಲಿಸಿದ ದಿನ ಅವನು ಇಳಿದು, ಹಿಂದೆ ಹೋಗಿ, ಗೋಡೆಗೂ ಬಸ್ಸಿಗೂ ನಡುವೆ ಅಂಗೈ ಇಟ್ಟು ನೋಡಿ, ಬೀಡಿ ಹಚ್ಚಿದ. ಜೊತೆಗೆ ಕಲಿಯುತ್ತಿದ್ದವರು ಚಪ್ಪಾಳೆ ತಟ್ಟಿದರು.

ಇಸ್ತ್ರಿ ಕೋಣೆಯಲ್ಲಿ ಅಮ್ಮ ಈಗ ಯಂತ್ರದ ಬಿಸಿ ಉರುಳೆಯ ಮುಂದೆ ನಿಲ್ಲುತ್ತಿರಲಿಲ್ಲ. ಒದ್ದೆ ಚಾದರಗಳು ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆ ಬಿಸಿಯಾಗಿ, ಚಪ್ಪಟೆಯಾಗಿ ಬರುವುದನ್ನು ಕೋಣೆಯ ತುದಿಯಿಂದ ನೋಡುತ್ತಿದ್ದಳು. ಸುಕ್ಕು ಕಂಡರೆ ಬೆರಳು ತೋರಿಸುತ್ತಿದ್ದಳು, ಹುಡುಗಿಯರು ಚಾದರ ವಾಪಸ್ಸು ತೆಗೆಯುತ್ತಿದ್ದರು. ಊಟದ ಬಿಡುವಿಗೆ ಅವಳು ಬೀಗ ಹಾಕುವವರೆಗೆ ಎಲ್ಲರೂ ಬಾಗಿಲ ಹತ್ತಿರ ಕಾಯುತ್ತಿದ್ದರು. "ಮೇಡಮ್ಮೋರೆ, ಹೊಟ್ಟೆ ಚುರುಗುಟ್ತಿದೆ," ಎಂದು ಒಬ್ಬಳು ತಮಾಷೆ ಮಾಡಿದಾಗ ಅಮ್ಮ ಬೀಗವನ್ನು ಎರಡು ಸಲ ಎಳೆದು ನೋಡಿ, "ಚುರುಗುಟ್ಟಲಿ" ಎಂದಳು.

*

ಆ ಭಾನುವಾರ ಅನ್ನ, ಬೇಯಿಸಿದ ಕೋಸು, ಒಂದೊಂದು ಮೀನಿನ ತುಂಡು. ಅಪ್ಪ ತನ್ನ ತುಂಡನ್ನು ಮಗಳ ತಟ್ಟೆಗೆ ಹಾಕಿದ. "ಇವತ್ತು ನಿನಗೆ ಶಕ್ತಿ ಬೇಕು," ಎಂದು ಹೆಂಡತಿಗೆ ಕಾಣದಂತೆ ಕಣ್ಣು ಮಿಟುಕಿಸಿದ. ಹೆಂಡತಿಗೆ ಕಂಡಿತು.

ಜೋಕರ್ ಗುಂಡಿಗಳನ್ನು ಸಮಪಾಲು ಮಾಡಿದ. ಒಬ್ಬೊಬ್ಬರಿಗೆ ನಾಲ್ಕು ಹಿತ್ತಾಳೆ, ಒಂದು ಹಿಡಿ ಕಪ್ಪು, ಒಂದು ಹಿಡಿ ಬಿಳಿ. ಎಲೆ ಕಲಸಿ ಅಜ್ಜನ ಹತ್ತಿರ ಒಯ್ದ. ಅಜ್ಜ ಎಡಗೈಯಿಂದ ಕಟ್ಟನ್ನು ಎರಡು ಮಾಡಿ, ಏನೋ ಕೇಳುವವನಂತೆ ಮೊಮ್ಮಗನ ಮುಖ ನೋಡಿದ. ಇಂದಿನ ಆಟ ಯಾವುದಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮೊದಲ ಅರ್ಧ ಗಂಟೆ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಮಗಳು ಏರಿಸುತ್ತಿದ್ದಳು, ಅಮ್ಮ "ಪ್ಯಾಕ್" ಎನ್ನುತ್ತಿದ್ದಳು. ಬಿಳಿ ಗುಂಡಿಗಳು ಮೇಜಿನ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದವು. ಪ್ರತಿ ಸುತ್ತು ಮುಗಿದಾಗಲೂ ಕಟ್ಟು ಅಜ್ಜನ ಹತ್ತಿರ ಹೋಗಿ ಬರುತ್ತಿತ್ತು. ಅಪ್ಪನಿಗೆ ಆಕಳಿಕೆ ಬಂತು.

ಆಮೇಲೆ ಮಗಳ ಕೈಗೆ ಇಸ್ಪೀಟು ರಾಜ, ಆಟೀನು ರಾಜ ಬಂದವು. ಅವಳು ಮೂರು ಕಪ್ಪು ಗುಂಡಿ ಮುಂದಿಟ್ಟಳು.

ಅಮ್ಮ ತನ್ನ ಎಲೆಗಳನ್ನು ಒಮ್ಮೆ ನೋಡಿದಳು. ಎರಡು ಹಿತ್ತಾಳೆ ಗುಂಡಿ ತೆಗೆದು ಮಧ್ಯಕ್ಕೆ ಇಟ್ಟಳು.

"ಅಮ್ಮಾ, ಅದು ಕಪ್ಪಲ್ಲ, ಹಿತ್ತಾಳೆ," ಎಂದ ಜೋಕರ್.

"ಗೊತ್ತು. ಏರಿಸಿದೀನಿ."

ಜೋಕರ್ ಚೇರಿನಿಂದ ಬೀಳಲಿಲ್ಲ. ತಂಗಿಯ ಕಡೆ ನೋಡಿದ, ಆಮೇಲೆ ಎಲೆ ಹಂಚುವವನು ಯಾರ ಕಡೆಯೂ ನೋಡಬಾರದೆಂಬ ಕ್ಲಬ್ಬಿನ ನಿಯಮ ನೆನಪಾಗಿ ಕಟ್ಟಿನ ಮೇಲೆ ಕಣ್ಣಿಟ್ಟ. ಮಗಳು ಮತ್ತೆ ಏರಿಸಲಿಲ್ಲ. ಒತ್ತಿದರೆ ಅಮ್ಮ ಎದ್ದು ಹಾಲು ನೋಡಲು ಹೋಗುತ್ತಾಳೆ ಎಂದುಕೊಂಡು, ಅಮ್ಮ ಇಟ್ಟಷ್ಟಕ್ಕೇ ಸರಿಯಾಗಿ ಗುಂಡಿ ತುಂಬಿ ಸುಮ್ಮನಾದಳು. ಜೋಕರ್ ಮಧ್ಯದಲ್ಲಿ ಮೂರು ಎಲೆ ಬಿಚ್ಚಿದ: ಒಂಬತ್ತು, ಆರು, ಎರಡು. ಗುರುತು ಮೂರೂ ಬೇರೆ, ಒಂದಕ್ಕೊಂದು ಸಂಬಂಧವಿಲ್ಲದ ಎಲೆಗಳು.

ಅಮ್ಮ ತನ್ನ ಮುಂದಿದ್ದುದನ್ನೆಲ್ಲ, ಹಿತ್ತಾಳೆ, ಕಪ್ಪು, ಬಿಳಿ, ಎರಡೂ ಕೈಯಿಂದ ಬಳಿದು ಮುಂದಕ್ಕೆ ತಳ್ಳಿದಳು. ಒಂದು ಬಿಳಿ ಗುಂಡಿ ಉರುಳಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು ಅದನ್ನೂ ರಾಶಿಗೆ ಸೇರಿಸಿದಳು.

ಅಪ್ಪ ಆಕಳಿಕೆ ನಿಲ್ಲಿಸಿದ. ಮಗಳು ಅಮ್ಮನ ಮುಖ ನೋಡಿದಳು. ನೋಡುತ್ತಿದ್ದಂತೆ ಮಗಳ ಮುಖ ಸಡಿಲವಾಯಿತು, ಕಣ್ಣು ಒದ್ದೆಯಾಯಿತು.

"ಅಮ್ಮಾ, ಹೀಗೆ ಮಾಡ್ಬೇಡ. ಬೇಕು ಬೇಕಂತ ಸೋಲ್ಬೇಡ. ನನಗೋಸ್ಕರ ಎಲ್ಲಾ ಒಂದೇ ಸಲ ಎಸೀತಿದೀಯ ಅಂತ ನನಗೆ ಗೊತ್ತಾಗಲ್ವಾ?"

"ಆಡು," ಎಂದಳು ಅಮ್ಮ. "ನಿನ್ನ ಸರದಿ."

"ಆಮೇಲೆ ಬೇಜಾರು ಮಾಡ್ಕೋತೀಯ."

"ನಿನ್ನ ಸರದಿ ಅಂದೆ."

ಮಗಳು ಮೂಗು ಒರೆಸಿಕೊಂಡು, ಅಮ್ಮನಿಗೆ ಸಮನಾಗಿ ಗುಂಡಿಗಳನ್ನು ತಳ್ಳಿದಳು. ರಾಜರನ್ನು ಬಿಡಿಸಿಟ್ಟಳು. "ನೋಡು, ನೀನು ಹಾಗೆ ಮಾಡಬೇಕಾಗೇ ಇರ್ಲಿಲ್ಲ," ಎಂದಳು.

ಅಮ್ಮ ತನ್ನ ಎರಡು ಎಲೆ ತಿರುಗಿಸಿದಳು. ಎರಡೂ ಎಕ್ಕ.

ಜೋಕರ್ ಉಳಿದ ಎರಡು ಎಲೆ ಬಿಚ್ಚಿದ. ಒಂದು ಗುಲಾಮ. ಒಂದು ಮೂರು. ಅವನ ಕೈ ಕ್ಲಬ್ಬಿನಲ್ಲಿದ್ದಂತೆಯೇ ಅಭ್ಯಾಸಬಲದಿಂದ ರಾಶಿಯನ್ನು ಅಮ್ಮನ ಕಡೆಗೆ ದೂಡಿತು.

"ಏನೋ ಕೈಚಳಕ ಮಾಡ್ದೆ ನೀನು?" ಅಪ್ಪ ಎದ್ದು ನಿಂತ.

"ಕಟ್ ಮಾಡಿದ್ದು ಅಜ್ಜ. ನೀವೇ ಬಾಗಿಲಲ್ಲಿ ನಿಂತು ನೋಡಿದ್ರಲ್ಲ ಅಪ್ಪ." ಜೋಕರ್ ಬಿಚ್ಚಿದ ಎಲೆಗಳನ್ನು ಕಟ್ಟಿಗೆ ಸೇರಿಸಿದ. "ನಾನು ಕೈಚಳಕ ಮಾಡಿದ್ರೆ ಯಾರ ಕೈಗೆ ಕಳಿಸ್ತಿದ್ದೆ ಅಂತ ನಿಮಗೇ ಗೊತ್ತು."

ಅಪ್ಪ ಹೆಂಡತಿಯ ಕಡೆ ತಿರುಗಿದ. "ತಾಯಿ ಅನ್ನಿಸ್ಕೊಂಡವಳು ಹೊಟ್ಟೇಲಿ ಹುಟ್ಟಿದವಳ ಕಾಲು ಮುರೀತಾಳೇನೇ?"

"ಮೇಜಿಗೆ ಕೂತ ಮೇಲೆ ತಾಯಿ ಇಲ್ಲ. ನಿಮ್ಮಪ್ಪ ಮಾಡಿದ ನಿಯಮ." ಅವಳು ಮಗಳ ಮುಂದೆ ಉಳಿದಿದ್ದ ಒಂದಿಷ್ಟು ಬಿಳಿ ಗುಂಡಿಗಳನ್ನು ತೋರಿಸಿದಳು. "ಇನ್ನೂ ಇದೆ ಅವಳ ಹತ್ರ. ಮುಗಿಸೋಣ."

ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಗಳು ಎಲೆ ನೋಡದೆಯೇ ಗುಂಡಿಗಳನ್ನು ದೂಡುತ್ತಿದ್ದಳು.

*

ಸೋಮವಾರ ಅವಳು ಡಿಪೋಗೆ ಫೋನು ಮಾಡಿದಳು. ಶಿಕ್ಷಕ "ಬೇರೆ ಯಾರೂ ಇಲ್ವಾ ಮನೇಲಿ?" ಎಂದ. ಇದ್ದಾರೆ ಎಂದಳು. "ನಿನ್ನ ಕನ್ನಡಿ ಚೆನ್ನಾಗಿತ್ತು," ಎಂದು ಹೇಳಿ ಅವನು ಫೋನು ಇಟ್ಟ.

ಅಜ್ಜನನ್ನು ಎತ್ತುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿಯನ್ನು ಎಡದವಡೆಗೆ ಮಾತ್ರ ಕೊಡುವುದು. ಮೇಲಿನ ಮಹಡಿಯ ಹೆಂಗಸು ಹೊರಡುವ ಮುಂಚೆ ಎಲ್ಲ ತೋರಿಸಿಕೊಟ್ಟಳು. ಮನೆಯ ನಡುವಿನ ಓಣಿ ಗಾಲಿಕುರ್ಚಿಗೆ ಇಕ್ಕಟ್ಟು, ಶೌಚದ ಕೋಣೆಯ ಬಾಗಿಲು ಇನ್ನೂ ಚಿಕ್ಕದು. ಬೇರೆಯವರು ತಳ್ಳಿದರೆ ಅಜ್ಜನ ಮೊಣಕೈ ತರಚುತ್ತ ಹೋಗುತ್ತಿತ್ತು. ಮಗಳು ಕುರ್ಚಿಯನ್ನು ಹಿಮ್ಮುಖವಾಗಿ, ಕುತ್ತಿಗೆ ತಿರುಗಿಸದೆ, ಗೋಡೆಗೆಲ್ಲೂ ತಾಗಿಸದೆ ಒಳಗೆ ನಿಲ್ಲಿಸುತ್ತಿದ್ದಳು. ಬೀದಿಯ ತಿರುವಿನಲ್ಲಿ ಬಸ್ಸು ಬ್ರೇಕು ಹಾಕಿ ಉಸ್ಸೆಂದಾಗ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಪರೀಕ್ಷೆಯ ದಿನ ಅವಳು ಅಡಿಗೆ ಮಾಡಲಿಲ್ಲ. ಅಪ್ಪ ಬರುವ ಹೊತ್ತಿಗೆ ಒಲೆ ತಣ್ಣಗಿತ್ತು.

"ಹಸಿವಾಗ್ತಿದೆ ಕಣಮ್ಮ."

"ಮೇಲ್ವಿಚಾರಕಿ ಬರ್ತಾರೆ, ಕೇಳಿ."

ಅಮ್ಮ ಬಂದು ಬೀಗದ ಕೈಗಳ ಗೊಂಚಲನ್ನು ಮೊಳೆಗೆ ನೇತುಹಾಕಿದಳು. ಜೇಬಿನಿಂದ ಅಂದಿನ ಗುಂಡಿಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ತಣ್ಣಗಿನ ಒಲೆ ನೋಡಿ, ಬ್ರೆಡ್ಡು ಕೊಯ್ದಳು.

"ಏನು ಸಿಕ್ತು ನಿನಗೆ?" ಅಪ್ಪ ಕೇಳಿದ. "ಆ ಹುಡುಗಿ ಮುಖ ನೋಡು. ಈ ಬೀಗದ ಕೈ ಗೊಂಚಲು ನಕ್ಕೊಂಡು ಮಾತಾಡುತ್ತಾ ನಿನ್ನ ಹತ್ರ?"

"ನೀವು ಒಂದು ವರ್ಷ ಮನೇಲಿ ಕೂತ್ಕೊಳ್ಳಿ, ನಾಳೇನೇ ಅವಳು ಹೋಗ್ಲಿ. ಕೂರ್ತೀರಾ?"

ಅಪ್ಪ ಬ್ರೆಡ್ಡು ತೆಗೆದುಕೊಂಡು ಅಜ್ಜನ ಕೋಣೆಗೆ ಹೋಗಿ ತಿಂದ. ಆಮೇಲೆ ಅಲ್ಲೇ ತಿನ್ನುವುದು ಅವನಿಗೆ ರೂಢಿಯಾಯಿತು. ಜೋಕರ್ ಕ್ಲಬ್ಬಿನಿಂದ ಉಳಿದ ಕೇಕು, ಹಣ್ಣು ತಂದು ತಂಗಿಯ ಮುಂದಿಡುತ್ತಿದ್ದ, ಅವಳು ಅವನ್ನು ಹಾಗೇ ಅಜ್ಜನಿಗೆ ಹಿಸುಕಿ ತಿನ್ನಿಸುತ್ತಿದ್ದಳು. ಅಮ್ಮನ ಜೊತೆ ಅವಳು ಮಾತು ಬಿಟ್ಟಿದ್ದಳು.

ಹೀಗೆ ವಾರಗಳು ಹೋದವು. ಒಂದು ಸಂಜೆ ಅಜ್ಜನ ಹಾಸಿಗೆ ಒದ್ದೆಯಾಗಿತ್ತು. ಅಮ್ಮ ಕೋಟು ಬಿಚ್ಚದೆಯೇ ಒಳಬಂದು ಮಂಚದ ಆ ಬದಿಗೆ ನಿಂತಳು.

"ಅವರನ್ನ ನಿನ್ನ ಕಡೆ ಹೊರಳಿಸ್ಕೋ. ಹಳೇ ಚಾದರ ಉದ್ದಕ್ಕೆ ಸುತ್ತಿ ಬೆನ್ನ ಹತ್ರ ಇಡ್ತೀನಿ. ಹೊಸದನ್ನೂ ಹಾಗೇ. ಈಗ ಮಾವನ್ನ ಈ ಕಡೆ ಬಿಡು, ದಿಬ್ಬ ದಾಟಿಸಿದ ಹಾಗೆ. ಹಾಂ."

ಇಬ್ಬರೂ ಅಜ್ಜನ ಮೇಲೆ ಬಾಗಿದ್ದರು. ಅಜ್ಜ ಸೂರು ನೋಡುತ್ತಿದ್ದ.

"ಆವತ್ತು ಎಕ್ಕ ಬರ್ದೇ ಇದ್ದಿದ್ರೆ?" ಎಂದಳು ಮಗಳು.

"ಇನ್ನೊಂದು ಕೈಗೆ ಕಾಯ್ತಿದ್ದೆ."

"ನಾವು ಅಡಿಗೆಮನೇಲಿ ಮಾತಾಡಿದ್ದೆಲ್ಲ ಕೇಳಿಸ್ಕೊಂಡೆ ನೀನು."

"ನನ್ನ ಬೆನ್ನ ಹಿಂದೆ ಮೂರು ಮೊಳ ದೂರದಲ್ಲಿ ಕೂತು ಮಾತಾಡಿದ್ರಿ. ಕಿವುಡಿ ಅಲ್ಲ ನಾನು."

ಮಗಳು ಚಾದರದ ಮೂಲೆ ಹಿಡಿದು ನಿಂತಳು. "ಅಷ್ಟು ವರ್ಷ ಆಡಿದೀಯ. ಒಂದು ಸಲಾನೂ ನಿನಗೆ ದೊಡ್ಡ ಜೋಡಿ ಬಂದಿರ್ಲಿಲ್ವಾ?"

"ಬರದೇ ಏನು? ಎಲ್ಲರಿಗೂ ಬರೋ ಹಾಗೆ ಬರ್ತಿತ್ತು."

"ಮತ್ತೆ?"

"ಎಸೀತಿದ್ದೆ. ನಾನು ಗೆದ್ರೆ ನಿಮ್ಮಪ್ಪ ಮೂರು ದಿನ ಮುಖ ಊದಿಸ್ಕೊಂಡಿರ್ತಿದ್ರು. ನೀನು ಚಿಕ್ಕವಳು, ಸೋತ್ರೆ ಮೇಜಿನ ಕೆಳಗೆ ಹೋಗಿ ಅಳ್ತಿದ್ದೆ. ಅದಕ್ಕಿಂತ ಪಾತ್ರೆ ತೊಳೆಯೋದು ಸುಲಭ ಆಗಿತ್ತು." ಅವಳು ಚಾದರದ ತನ್ನ ಕಡೆಯ ಅಂಚನ್ನು ಹಾಸಿಗೆಯಡಿ ತುರುಕಿದಳು. "ಆ ಕಡೆ ಗಟ್ಟಿಯಾಗಿ ಎಳಿ. ಸುಕ್ಕು ಉಳಿದ್ರೆ ಬೆನ್ನಿಗೆ ಹುಣ್ಣಾಗುತ್ತೆ. ಒಂದು ಸಲ ಎಳಿ, ಮತ್ತೆ ಇನ್ನೊಂದು ಸಲ."

ಮಗಳು ಎಳೆದಳು. ಮತ್ತೆ ಎಳೆದಳು.

"ನನಗೋಸ್ಕರ ಸೋಲ್ತಿದೀಯ ಅಂದ್ಕೊಂಡೆ," ಎಂದಳು.

"ಹೇಳಿದೆಯಲ್ಲ. ಕೇಳಿಸ್ತು." ಅಮ್ಮ ಒದ್ದೆ ಚಾದರವನ್ನು ಮಡಚಿ ತೋಳಿಗೆ ಹಾಕಿಕೊಂಡು ಹೊರಗೆ ಹೋದಳು.

ಮುಂದಿನ ಭಾನುವಾರ ಅಪ್ಪನೇ ಮೇಜು ಒರೆಸಿದ. ತೊಟ್ಟಿಯ ಪಾತ್ರೆಗಳು ವಾಸನೆ ಹೊಡೆಯುತ್ತಿದ್ದವು, ಯಾರ ಪಾಳಿ ಎಂದು ಯಾರಿಗೂ ಗೊತ್ತಿರಲಿಲ್ಲ. "ಆಡೋಣ ಬನ್ರಪ್ಪ, ಎಷ್ಟು ದಿನ ಹೀಗೆ," ಎಂದ. ಡಬ್ಬಿ ಬಂತು. ಕಟ್ಟು ಅಜ್ಜನ ಹತ್ತಿರ ಹೋಗಿ ಬಂತು. ನಾಲ್ವರೂ ಕೂತರು. ಕೆಲವು ಸುತ್ತು ಗುಂಡಿಗಳು ಅತ್ತಿತ್ತ ಓಡಾಡಿದವು.

ಅಪ್ಪ ಕಪ್ಪು ಗುಂಡಿ ಒಂದನ್ನು ಇಟ್ಟು ಏರಿಸಿದ. ಅಮ್ಮ ಅವನ ಮುಖ ನೋಡದೆ ಹಿತ್ತಾಳೆ ಒಂದನ್ನು ಇಟ್ಟು ಅದರ ಮೇಲೆ ಏರಿಸಿದಳು. ಜೋಕರ್ ಎಲೆ ಎಸೆದ.

ಮಗಳ ಕೈಯಲ್ಲಿ ರಾಣಿಯ ಜೋಡಿ ಇತ್ತು. ಕಳಾವರದ್ದೊಂದು, ಆಟೀನದ್ದೊಂದು.

"ಎರಡು ಸಲ ಏರಿಸಿದ ಆಟ," ಎಂದ ಜೋಕರ್ ಮೆತ್ತಗೆ, ತಂಗಿಗೆ ಕೇಳುವಷ್ಟು. "ಹೇಳ್ಕೊಟ್ಟಿದೀನಲ್ಲ."

ಅವಳು ಗುಂಡಿಗಳ ಮೇಲೆ ಕೈ ಇಟ್ಟಳು. ಒಳಗಿನಿಂದ ಚಮಚ ಕಂಬಿಗೆ ಬಡಿಯುವ ಸದ್ದು ಬಂತು. ಅಪ್ಪ ತನ್ನ ಎಲೆ ನೋಡಿಕೊಂಡ. ಜೋಕರ್ ಕಿಟಕಿ ನೋಡಿದ. ಚಮಚ ಮತ್ತೆ ಬಡಿಯಿತು. ಅಮ್ಮ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದಳು. ಏಳಲಿಲ್ಲ.

"ಪ್ಯಾಕ್," ಎಂದು ಮಗಳು ಎರಡು ಎಲೆಗಳನ್ನೂ ಕವುಚಿ ಎಸೆದು ಎದ್ದು ಒಳಗೆ ಹೋದಳು.

"ಏನಿತ್ತೋ ಪಾಪ, ಅಷ್ಟು ಹೊತ್ತು ಯೋಚನೆ ಮಾಡಿದ್ಲು," ಎಂದು ಅಪ್ಪ ಆ ಎಲೆಗಳ ಕಡೆ ಕೈ ಚಾಚಿದ.

ಅಮ್ಮನ ಅಂಗೈ ಅವುಗಳ ಮೇಲೆ ಬಿತ್ತು.

"ಎಸೆದ ಎಲೆ. ನೋಡೋ ಹಾಗಿಲ್ಲ."

ಅವಳು ತಾನೂ ನೋಡಲಿಲ್ಲ. ಎರಡನ್ನೂ ಕವುಚಿದಂತೆಯೇ ಜಾರಿಸಿ ಕಟ್ಟಿನ ಅಡಿಗೆ ಸೇರಿಸಿ, ಅಂಗೈಯನ್ನು ಸ್ವಲ್ಪ ಹೊತ್ತು ಹಾಗೇ ಕಟ್ಟಿನ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಚಾದರ ಎಳೆಯುವ ಸದ್ದು ಕೇಳಿತು, ಒಂದು ಸಲ, ಮತ್ತೆ ಇನ್ನೊಂದು ಸಲ.

"ನಿಮ್ಮ ಸರದಿ," ಎಂದಳು ಅಮ್ಮ ಗಂಡನಿಗೆ.